ಮಹಾಮಾರಿಯೂ ಮಜೂರಿಯೂ

ಜಹೀರಾಬಾದು, ನಾರಾಯಣಖೇಡ, ತಾಂಡೂರು ಎಂಬ ಮೂರು ಊರುಗಳ ಹೆಸರನ್ನು ಒಟ್ಟಿಗೆ ಉಚ್ಚರಿಸುವಾಗ ನಮಗೆ ಮೊದಲು ನೆನಪಾಗುವುದು ನಮ್ಮ ನುಡಿ; ಅದರ ಬೆನ್ನಿಗೆ ನೆನಪಾಗುವುದು ನಮ್ಮ ಜನರ ದುಡಿಮೆ. 1956ರ ನವೆಂಬರ್ 1ನೆಯ ತಾರೀಖಿನವರೆಗೆ ಮೊದಲಿನ ಎರಡು ತಾಲೂಕುಗಳು ಬೀದರ ಜಿಲ್ಲೆಗೂ ಮೂರನೆಯದು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದವು. ಅಂದು ಅವು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣಕ್ಕೆ ಬಂದವು. ಗಡಿಗಳು ಹೀಗೆ ಆಚೀಚೆ ಸರಿದರೂ ದುಡಿಯುವವನ ಬೆನ್ನಿನ ಭಾರ ಸರಿಯಲಿಲ್ಲ. ತಾಂಡೂರಿನಲ್ಲಿ ಫರಶಿ ಕಲ್ಲಿನ ಖಣಿಗಳು, ಕಲ್ಲನ್ನು ಕೊಯ್ದು ನುಣುಪು ಮಾಡುವ ಯಂತ್ರಗಳ ಸಾಲು, ಸುತ್ತಲೂ ಸಿಮೆಂಟು ಕಾರ್ಖಾನೆಗಳು. ಜಹೀರಾಬಾದಿನಲ್ಲಿ ಸಕ್ಕರೆ ಮತ್ತು ವಾಹನ ತಯಾರಿಕೆಯ ಕಾರ್ಖಾನೆಗಳು. ನಾರಾಯಣಖೇಡದ ತಾಂಡಾಗಳಿಂದ ವರ್ಷವರ್ಷವೂ ಕಬ್ಬು ಕಡಿಯಲು ಹೊರಡುವ ಸಂಸಾರಗಳು - ಇದು ನಮ್ಮ ಸೀಮೆಯ ಚಿತ್ರ. ನಮ್ಮ ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೆ ಹೆಚ್ಚಿನ ಮಕ್ಕಳ ತಂದೆಯ ಉದ್ಯೋಗದ ಮುಂದೆ ಬರೆದಿರುವುದು ಒಂದೇ ಶಬ್ದ: ಕೂಲಿ.

ಇಂಥ ಒಬ್ಬ ಕೂಲಿಕಾರನ ಮನೆಯಲ್ಲಿ ನಡೆದ ಸಂಗತಿಯೇ ಈ ಲೇಖನಕ್ಕೆ ಕಾರಣ. 2020ರ ಜುಲೈ ತಿಂಗಳು. ಕರೋನಾ ವ್ಯಾಧಿಯ ದೆಸೆಯಿಂದ ಶಾಲೆಗಳು ಮುಚ್ಚಿದ್ದವು. ಕಾರ್ಖಾನೆಗಳು ಮಾತ್ರ ಮತ್ತೆ ತೆರೆದಿದ್ದವು. ಮಕ್ಕಳ ಓದನ್ನು ವಿಚಾರಿಸಲೆಂದು ನಾವು ಓಣಿ ಓಣಿ ತಿರುಗುತ್ತಿದ್ದೆವು. ಕಲ್ಲಿನ ಯಂತ್ರದಲ್ಲಿ ದುಡಿಯುವ ಒಬ್ಬ ತಂದೆ, ಪಾಳಿಗೆ ಹೊರಡುವ ಮುನ್ನ ಹೊಸ್ತಿಲಲ್ಲಿ ನಿಂತು ಜ್ವರದ ಗುಳಿಗೆಯನ್ನು ನುಂಗುತ್ತಿದ್ದುದನ್ನು ಕಂಡೆವು. ಜ್ವರವಿದ್ದರೆ ಏಕೆ ಹೋಗುವಿರಿ ಎಂದು ಕೇಳಿದೆವು. ಅವನು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ:

"ಗೇಟಿನಾಗ ಮಶೀನ್ ಹಚ್ಚಿ ಜ್ವರ ನೋಡ್ತಾರ್ರಿ ಮಾಸ್ತರ. ಗುಳಿಗಿ ತಗೊಂಡ್ರ ಅದಕ್ಕ ತಿಳಿಯಂಗಿಲ್ಲ. ಜ್ವರ ಅದ ಅಂತ ಹೇಳಿದ್ರ ಹದಿನಾಕು ದಿನ ಮನ್ಯಾಗ ಕೂಡಂತಾರ. ಜ್ವರ ಎರಡು ದಿನದಾಗ ಹೋಗ್ತದ್ರಿ, ಹೋದ ಪಗಾರ ಮತ್ತ ಬರಂಗಿಲ್ಲ."

ಕೈ ತೊಳೆಯಿರಿ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರಿ, ದೂರ ನಿಲ್ಲಿರಿ ಎಂದು ನಾವು ಉಪದೇಶ ಮಾಡಿ ಬಂದೆವು. ಆ ಮನೆಗೆ ಇದ್ದುದು ಒಂದೇ ಕೋಣೆ. ಹದಿನೈದು ದಿನಗಳೊಳಗೆ ಆ ಸಾಲಿನ ಹಲವು ಮನೆಗಳಲ್ಲಿ ಜ್ವರ ಕಾಣಿಸಿತು. ಆ ಹುಡುಗನ ಅಜ್ಜಿ ಉಳಿಯಲಿಲ್ಲ. ರೋಗವು ಆ ಮನೆಗೆ ಯಾವ ದಾರಿಯಿಂದ ಬಂದಿತೆಂದು ಯಾರೂ ಹೇಳಲಾರರು. ಆದರೆ ತಂದೆಯು ಆ ದಿನ ಮನೆಯಲ್ಲಿ ಮಲಗಲಾರದೆ ಹೋದುದೇಕೆಂಬುದು ನಮಗೆ ಗೊತ್ತಿದೆ. ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಮಹಾಮಾರಿಗಳು ಬಂದಾಗಲೆಲ್ಲ ದುಡಿಯುವವನನ್ನು ದುಡಿಮೆಯ ಸ್ಥಳದಲ್ಲಿ ಕಾಪಾಡುವುದಕ್ಕೆ ಹಿಂದಿನವರು ಏನು ಮಾಡಿದರು? ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ? ನಮಗೆ ತಿಳಿದಮಟ್ಟಿಗೆ ಅದನ್ನು ವಾಚಕರ ಮುಂದೆ ಇಡುತ್ತೇವೆ.

ವ್ಯಾಧಿಯು ನಮ್ಮ ನಾಡಿನಲ್ಲಿ ಹಿಂದೆ ಎತ್ತಿನ ಬಂಡಿಯ ವೇಗದಲ್ಲಿ ಚಲಿಸುತ್ತಿದ್ದಿತು. ರೈಲು ಬಂದ ಮೇಲೆ ಅದರ ವೇಗ ಹೆಚ್ಚಿತು. ವಾಡಿಯಿಂದ ತಾಂಡೂರಿನ ಮೇಲೆ ಹಾದು ಸಿಕಂದರಾಬಾದಿಗೆ ಹೋಗುವ ಲೋಹಮಾರ್ಗವು 1874ರಲ್ಲಿ ತೆರೆಯಿತು. ಅದರಿಂದ ನಮ್ಮ ಸೀಮೆಯು ಮುಂಬಯಿ ಬಂದರಿಗೆ ಹತ್ತಿರವಾಯಿತು. ಬಂದರಿಗೆ ಬಂದುದೆಲ್ಲವೂ ನಮಗೂ ಹತ್ತಿರವಾಯಿತು. 1894ರಲ್ಲಿ ಹಾಂಗಕಾಂಗಿನಲ್ಲಿ ಕಾಣಿಸಿಕೊಂಡ ಪ್ಲೇಗು 1896ರಲ್ಲಿ ಮುಂಬಯಿಯಲ್ಲಿ ಇಳಿಯಿತು. ಸರಕಾರವು ತರಾತುರಿಯಿಂದ 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಶಾಸನವೊಂದನ್ನು ಮಾಡಿತು. ನಾಲ್ಕೇ ಕಲಮುಗಳ ಪುಟ್ಟ ಶಾಸನವದು. ಪ್ರಯಾಣಿಕರನ್ನು ತಡೆದು ಪರೀಕ್ಷಿಸುವ, ರೋಗಿಗಳನ್ನು ಪ್ರತ್ಯೇಕಿಸುವ, ಆಜ್ಞೆ ಮೀರಿದವರನ್ನು ದಂಡಿಸುವ ಅಧಿಕಾರ ಅದರಲ್ಲಿತ್ತು. ದುಡಿಮೆಯಿಂದ ತಡೆಯಲ್ಪಟ್ಟವನು ಏನು ಉಣ್ಣಬೇಕೆಂಬ ಮಾತು ಅದರಲ್ಲಿರಲಿಲ್ಲ. ನೂರಿಪ್ಪತ್ತಮೂರು ವರ್ಷಗಳ ಅನಂತರ, 2020ರಲ್ಲಿ, ಇದೇ ಶಾಸನವನ್ನು ಮತ್ತೆ ಕೈಗೆತ್ತಿಕೊಳ್ಳಲಾಯಿತೆಂಬುದನ್ನು ವಾಚಕರು ಇಲ್ಲಿ ನೆನಪಿನಲ್ಲಿಡಬೇಕು.

ಮುಂಬಯಿಯ ಹತ್ತಿಯ ಗಿರಣಿಗಳಲ್ಲಿ ಆಗ ತಿಂಗಳ ಪಗಾರದ ಪದ್ಧತಿಯಿತ್ತು. ಅದನ್ನೂ ತಡಮಾಡಿ ಕೊಡುವುದು ವಾಡಿಕೆ. ಪ್ಲೇಗಿನ ಭಯದಿಂದ ಕೆಲಸಗಾರರು ಸಾವಿರಗಟ್ಟಲೆಯಾಗಿ ಊರು ಬಿಟ್ಟರು. ಮಗ್ಗಗಳು ನಿಂತವು. ಆಗ ಮಾಲೀಕರು ಉಳಿದ ಕೆಲಸಗಾರರನ್ನು ಹಿಡಿದಿಟ್ಟುಕೊಳ್ಳಲು ಅಂದಂದಿನ ಮಜೂರಿಯನ್ನು ಅಂದಂದೇ ಕೊಡತೊಡಗಿದರು. ಬೀದಿಯ ತಿರುವುಗಳಲ್ಲಿ ನಿಂತು ಒಬ್ಬರ ಮೇಲೊಬ್ಬರು ಹೆಚ್ಚಿನ ಮಜೂರಿಯನ್ನು ಕೂಗಿದರು. ಇದು ಕೆಲಸಗಾರನ ಪ್ರಾಣದ ಮೇಲಿನ ಪ್ರೀತಿಯಿಂದ ಆದುದಲ್ಲ. ಯಂತ್ರವನ್ನು ನಡೆಸಬೇಕೆಂಬ ಚಿಂತೆಯಿಂದ ಆದುದು. ಆದರೂ ಅದರಲ್ಲಿ ಒಂದು ಸತ್ಯವು ಬಯಲಾಯಿತು. ಮಜೂರಿಯ ಪ್ರಶ್ನೆಯನ್ನು ಬಿಟ್ಟು ಮಹಾಮಾರಿಯ ಪ್ರಶ್ನೆಯನ್ನು ಬಿಡಿಸಲು ಬರುವುದಿಲ್ಲ.

ಅದೇ ಕಾಲದಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯು ಮುಂಬಯಿಯ ಒಂದು ಸಣ್ಣ ಕೋಣೆಯಲ್ಲಿ ಪ್ಲೇಗಿಗೆ ಲಸಿಕೆಯನ್ನು ಸಿದ್ಧಪಡಿಸುತ್ತಿದ್ದನು. 1897ರ ಜನವರಿಯಲ್ಲಿ ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಆ ಲಸಿಕೆಯು ದುಡಿಯುವ ಜನರ ನಡುವೆ ಎಷ್ಟು ಕೆಲಸ ಮಾಡಬಲ್ಲದೆಂಬುದು ತಿಳಿದುಬಂದುದು ನಮ್ಮ ಕನ್ನಡ ನಾಡಿನ ಹುಬ್ಬಳ್ಳಿಯಲ್ಲಿ. ಈ ಸಂಗತಿಯು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಆದುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಹುಬ್ಬಳ್ಳಿಯು ಆಗ ಹತ್ತಿಯ ಪೇಟೆ, ದಕ್ಷಿಣ ಮರಾಠಾ ರೈಲ್ವೆಯ ಕಾರ್ಯಾಗಾರದ ಊರು, ಗಿರಣಿಯ ಊರು. 1898ರಲ್ಲಿ ಅಲ್ಲಿ ಪ್ಲೇಗು ಉಗ್ರರೂಪ ತಾಳಿತು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುವುದೆಂದು ಸಿಮೋಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಅದೇ ವರ್ಷ ತೋರಿಸಿಕೊಟ್ಟಿದ್ದರೂ ಲೋಕವು ಅದನ್ನು ಇನ್ನೂ ನಂಬಿರಲಿಲ್ಲ. ಮನೆಗಳ ಹಂಚು ಕಿತ್ತು ಬಿಸಿಲು ಬಿಡುವುದು, ಸುಣ್ಣ ಬಳಿಯುವುದು, ಜನರನ್ನು ಊರ ಹೊರಗಿನ ಗುಡಿಸಲುಗಳಿಗೆ ಸಾಗಿಸುವುದು ಇವೇ ಅಂದಿನ ಉಪಾಯಗಳಾಗಿದ್ದವು. ಪುಣೆಯಲ್ಲಿ ಸೈನಿಕರು ಮನೆ ಹೊಕ್ಕು ನಡೆಸಿದ ಶೋಧನೆಯಿಂದ ಜನರು ರೊಚ್ಚಿಗೆದ್ದು, 1897ರ ಜೂನ್ ತಿಂಗಳಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿದ ಕಥೆಯನ್ನು ಎಲ್ಲರೂ ಬಲ್ಲರು. ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯನು ಹಿಡಿದ ದಾರಿ ಬೇರೆ. ಅಲ್ಲಿ ಲಸಿಕೆಯ ಕಾರ್ಯವನ್ನೇ ಮುಖ್ಯವಾಗಿ ಕೈಗೊಂಡರು. ಕೆಲವೇ ತಿಂಗಳುಗಳಲ್ಲಿ ಊರಿನ ಬಹುಪಾಲು ಜನರು ತೋಳನ್ನು ಮುಂದೆ ಚಾಚಿದರು. ಲಸಿಕೆ ಪಡೆದವರಿಗೆ ಪ್ರಮಾಣಪತ್ರವನ್ನು ಕೊಟ್ಟು ಕೆಲವು ಕಟ್ಟುಪಾಡುಗಳಿಂದ ವಿನಾಯಿತಿಯನ್ನೂ ಕೊಡಲಾಗುತ್ತಿತ್ತು. ಎಂದರೆ, ಲಸಿಕೆಯು ಪ್ರಾಣಕ್ಕಷ್ಟೇ ಅಲ್ಲದೆ ಹೊಟ್ಟೆಪಾಡಿಗೂ ರಕ್ಷೆಯಾಯಿತು.

ಆ ಊರಿನ ದಕ್ಷಿಣ ಮರಾಠಾ ನೂಲುವ ಮತ್ತು ನೇಯುವ ಕಂಪನಿಯ ಗಿರಣಿಯ ಲೆಕ್ಕವು ನಮಗೆ ಉಳಿದು ಬಂದಿದೆ. ಲೆಕ್ಕಕ್ಕೆ ಬಂದ ಕೆಲಸಗಾರರು 1,173 ಜನ. ಅವರಲ್ಲಿ 1,040 ಜನರು ಎರಡು ಸಲ ಲಸಿಕೆ ಪಡೆದರು. ಅವರಲ್ಲಿ ಮಡಿದವರು 22. ಒಂದೇ ಸಲ ಪಡೆದವರು 58, ಮಡಿದವರು 8. ಒಮ್ಮೆಯೂ ಪಡೆಯದವರು 75, ಮಡಿದವರು 20. ಶೇಕಡಾವಾರು ಲೆಕ್ಕ ಹಾಕಿದರೆ ಮೊದಲಿನವರಲ್ಲಿ ನೂರಕ್ಕೆ ಎರಡು, ನಡುವಿನವರಲ್ಲಿ ಸುಮಾರು ಹದಿನಾಲ್ಕು, ಕೊನೆಯವರಲ್ಲಿ ಇಪ್ಪತ್ತಾರಕ್ಕೂ ಮೇಲು. ಐದನೆಯ ಇಯತ್ತೆಯ ಹುಡುಗನೂ ಬಿಡಿಸಬಲ್ಲ ಲೆಕ್ಕವಿದು. ಆದರೆ ಅದರ ಹಿಂದೆ ಐವತ್ತು ಹೆಣಗಳಿವೆ ಎಂಬುದನ್ನು ಬಿಡಿಸುವಾಗ ಮರೆಯಬಾರದು. ಲಸಿಕೆ ಪಡೆದವರೂ ಪಡೆಯದವರೂ ಬೇರೆ ಎಲ್ಲ ವಿಷಯಗಳಲ್ಲಿಯೂ ಸಮಾನರಾಗಿದ್ದರೆಂದು ಹೇಳಲಾಗದು; ಅಂಜಿದವರು, ಅಶಕ್ತರು, ಊರು ಬಿಡಲು ಸಿದ್ಧರಾಗಿದ್ದವರು ಆ 75 ಜನರಲ್ಲಿ ಹೆಚ್ಚಾಗಿದ್ದಿರಬಹುದು. ಹಾಗಿದ್ದರೂ ಇಷ್ಟು ದೊಡ್ಡ ಅಂತರವನ್ನು ಕೇವಲ ಅದರಿಂದ ವಿವರಿಸಲು ಬಾರದು.

ಈ ಲೆಕ್ಕದಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವ ಇನ್ನೊಂದು ಅಂಶವಿದೆ. ಸತ್ತವರು ಎಷ್ಟು ಮಂದಿಯೆಂದು ಹೇಳಲು ಇದ್ದವರು ಎಷ್ಟು ಮಂದಿಯೆಂದು ತಿಳಿದಿರಬೇಕು. 1,173 ಎಂಬ ಅಂಕಿಯು ಎಲ್ಲಿಂದ ಬಂತು? ಗಿರಣಿಯೆಂದ ಮೇಲೆ ಅಲ್ಲಿ ಹಾಜರಿಯ ಪಟ್ಟಿಯಿರುತ್ತದೆ. ಪಟ್ಟಿಯಲ್ಲಿ ಹೆಸರಿದ್ದವನನ್ನು ಕರೆಯಬಹುದು, ಎರಡನೆಯ ಸಲ ಬರಲಿಲ್ಲವೆಂದು ಹುಡುಕಬಹುದು, ಬದುಕಿದ್ದಾನೆಯೇ ಎಂದು ಕೇಳಬಹುದು. ಅದೇ ವರ್ಷ ಹುಬ್ಬಳ್ಳಿಯ ಬೀದಿಗಳಲ್ಲಿ ಹತ್ತಿಯ ಅಂಡಿಗೆಗಳನ್ನು ಹೊತ್ತ ಹಮಾಲರ, ಕಸ ಗುಡಿಸಿದ ಜಾಡಮಾಲಿಗಳ ಲೆಕ್ಕವು ಹೀಗೆ ವಿಂಗಡವಾಗಿ ನಮಗೆ ಸಿಕ್ಕುವುದಿಲ್ಲ. ಮಹಾಮಾರಿಯ ಕಾಲದಲ್ಲಿ ಕೆಲಸಗಾರನ ಮೊದಲನೆಯ ರಕ್ಷಣೆಯು ಔಷಧವಲ್ಲ. ಯಾವುದಾದರೊಂದು ಪುಸ್ತಕದಲ್ಲಿ ಅವನ ಹೆಸರು ಇರುವುದು. ದಿನವೂ ಹಾಜರಿ ಕರೆಯುವ ನಮಗೆ ಇದು ಬೇಗನೆ ತಿಳಿಯುತ್ತದೆ.

ಲಸಿಕೆಯ ದಾರಿಯೂ ಮುಂದೆ ನಿಷ್ಕಂಟಕವಾಗಿರಲಿಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಜನರು ಧನುರ್ವಾತದಿಂದ ಸತ್ತರು. ಅಪವಾದವು ಹಾಫ್‌ಕಿನ್ನನ ತಲೆಯ ಮೇಲೆ ಬಂತು. ಸೀಸೆಯನ್ನು ತೆರೆಯುವಾಗ ಹಳ್ಳಿಯಲ್ಲಿಯೇ ತಪ್ಪಾಗಿತ್ತೆಂದು ತಿಳಿದು ಅವನು ನಿರ್ದೋಷಿಯೆನಿಸುವ ಹೊತ್ತಿಗೆ 1907ನೆಯ ವರ್ಷ ಬಂದಿತ್ತು. ಜನರ ವಿಶ್ವಾಸವು ಕಟ್ಟಲು ಬಹುಕಾಲ ಹಿಡಿಯುವ, ಕೆಡವಲು ಒಂದು ದಿನ ಸಾಕಾಗುವ ವಸ್ತು ಎಂಬುದಕ್ಕೆ ಇದೊಂದು ನಿದರ್ಶನ.

1918ರಲ್ಲಿ ಇನ್‌ಫ್ಲುಯೆಂಜಾ ಬಂತು. ಅದೂ ಮುಂಬಯಿಯ ಬಂದರಿನಲ್ಲಿಯೇ, ಜೂನ್ ತಿಂಗಳಲ್ಲಿ, ಮೊದಲು ಕಾಣಿಸಿಕೊಂಡಿತು. ಮಳೆಗಾಲ ಕಳೆಯುವಾಗ ಎರಡನೆಯ ಸಲ ಎದ್ದು ರೈಲು ಹೋದಲ್ಲೆಲ್ಲ ಹೋಯಿತು. ಹಿಂದೂಸ್ಥಾನದಲ್ಲಿ ಅದಕ್ಕೆ ಬಲಿಯಾದವರು ಕಡಿಮೆಯೆಂದರೂ 1 ಕೋಟಿ 20 ಲಕ್ಷ ಎಂದು ಎಣಿಸುತ್ತಾರೆ. ಪ್ಲೇಗಿಗೆ ಲಸಿಕೆಯಿತ್ತು, ಇದಕ್ಕೆ ಇರಲಿಲ್ಲ. ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದವನು ಬದುಕಿದನು. ಇದು ಹೊಲಕ್ಕೂ ಬೆನ್ನಟ್ಟಿ ಬಂತು. ಪ್ರಾಯದ ದುಡಿಯುವ ಜನರನ್ನೇ ಇದು ಹೆಚ್ಚಾಗಿ ಎತ್ತಿಕೊಂಡಿತು. ನಮ್ಮ ಮೂರು ತಾಲೂಕುಗಳೂ ಆಗ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದವು. 1911ರ ಜನಗಣತಿಯಲ್ಲಿ 1 ಕೋಟಿ 33 ಲಕ್ಷಕ್ಕೂ ಮೇಲಿದ್ದ ಸಂಸ್ಥಾನದ ಜನಸಂಖ್ಯೆಯು 1921ರಲ್ಲಿ 1 ಕೋಟಿ 24 ಲಕ್ಷದಷ್ಟಕ್ಕೆ ಇಳಿಯಿತು. ಪ್ಲೇಗು, ಇನ್‌ಫ್ಲುಯೆಂಜಾ, ಬರಗಾಲ ಈ ಮೂರೂ ಕೂಡಿ ಮಾಡಿದ ಅನರ್ಥವದು. ನೂರು ವರ್ಷಗಳ ಹಿಂದಿನ ನಮ್ಮ ಕೂಲಿಕಾರನಿಗೆ ಆ ಕಾಲದಲ್ಲಿ ಯಾವ ಪುಸ್ತಕದಲ್ಲಿಯೂ ಹೆಸರಿರಲಿಲ್ಲ. ಈ ಒಂಬತ್ತು ಲಕ್ಷದ ಕೊರತೆಯೊಳಗೆ ಅವನು ಎಲ್ಲಿಯೋ ಇದ್ದಾನೆ.

ಸ್ವಾತಂತ್ರ್ಯ ಬಂದ ಮೇಲೆ ಸ್ಥಿತಿಯು ಬದಲಾಯಿತು. 1948ರ ಕಾರ್ಖಾನೆಗಳ ಶಾಸನವನ್ನು ಮಹಾಮಾರಿಯ ಕಣ್ಣಿನಿಂದ ಓದಿ ನೋಡಿದರೆ ಆಶ್ಚರ್ಯವಾಗುತ್ತದೆ. ಕೆಲಸದ ಕೋಣೆಯಲ್ಲಿ ಗಾಳಿಯಾಡಬೇಕು. ಹೊಸ ಕಾರ್ಖಾನೆಯಲ್ಲಿ ಪ್ರತಿಯೊಬ್ಬನಿಗೆ 14.2 ಘನ ಮೀಟರಿನಷ್ಟು ಅವಕಾಶವಿರಬೇಕು. ಕಂಡಕಂಡಲ್ಲಿ ಉಗುಳಬಾರದು, ಉಗುಳುವುದಕ್ಕೆ ಪಾತ್ರೆಗಳಿರಬೇಕು. ಕೈಕಾಲು ತೊಳೆಯಲು ಅನುಕೂಲವಿರಬೇಕು. 150ಕ್ಕಿಂತ ಹೆಚ್ಚು ಜನರಿದ್ದಲ್ಲಿ ಊಟಕ್ಕೆ ಪ್ರತ್ಯೇಕ ಕೋಣೆಯಿರಬೇಕು. 500ಕ್ಕಿಂತ ಹೆಚ್ಚು ಜನರಿದ್ದಲ್ಲಿ ಶುಶ್ರೂಷೆಯ ಕೋಣೆಯೂ ಇರಬೇಕು ಎಂದು ಅದು ವಿಧಿಸಿತ್ತು. 2020ರಲ್ಲಿ ಸರಕಾರಗಳು ಹೊಸತೆಂಬಂತೆ ಸಾರಿದ ಸೂಚನೆಗಳಲ್ಲಿ ಅರ್ಧದಷ್ಟು ಈ ಹಳೆಯ ಪುಟಗಳಲ್ಲಿಯೇ ಇದ್ದವು. 1979ರಲ್ಲಿ ಅಂತರರಾಜ್ಯ ವಲಸೆ ಕೆಲಸಗಾರರಿಗಾಗಿ ಇನ್ನೊಂದು ಶಾಸನವು ಬಂದು, ಕರೆದುಕೊಂಡು ಹೋಗುವ ಗುತ್ತೇದಾರನು ಪರವಾನಗಿ ಪಡೆಯಬೇಕು, ಹೋಗಿಬರುವ ಪ್ರಯಾಣದ ಭತ್ಯೆಯನ್ನು ಕೊಡಬೇಕು ಎಂದು ಹೇಳಿತು. ಶಾಸನಗಳಲ್ಲಿ ಕೊರತೆಯಿರಲಿಲ್ಲ. ಆದರೆ ಅವು ಪುಸ್ತಕದಲ್ಲಿ ಹೆಸರಿದ್ದವನನ್ನು ಮಾತ್ರ ಕಾಯಬಲ್ಲವು. ಗುತ್ತೇದಾರನ ಜೇಬಿನ ಚೀಟಿಯಲ್ಲಿ ಹೆಸರಿದ್ದವನಿಗೂ, ಮುಕಾದಮನ ಬಾಯಿಲೆಕ್ಕದಲ್ಲಿದ್ದವನಿಗೂ ಅವುಗಳ ನೆರಳು ತಾಗಲಿಲ್ಲ.

ಇನ್ನು ನಮ್ಮ ಕಾಲಕ್ಕೆ ಬರೋಣ. ಕರೋನಾ ವ್ಯಾಧಿಯಿಂದ ಭಾರತದಲ್ಲಿ ಸಂಭವಿಸಿದ ಮೊದಲನೆಯ ಮರಣವು ನಮ್ಮ ಮಗ್ಗುಲಿನ ಕಲಬುರಗಿಯದು. 2020ರ ಮಾರ್ಚ್ 10ರಂದು. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ಮಾತನಾಡಿದರು. ನಡುರಾತ್ರಿಯಿಂದ ದೇಶವೇ ಬಾಗಿಲು ಹಾಕಿತು. ಚಿರಾಗಪಲ್ಲಿಯ ಗಡಿಠಾಣೆಯಲ್ಲಿ ಲಾರಿಗಳು ನಿಂತವು. ನಾರಾಯಣಖೇಡದಿಂದ ಕಬ್ಬಿನ ಸೀಮೆಗೆ ಹೋಗಿದ್ದವರಿಗೆ ಹಿಂದಿರುಗುವ ದಾರಿ ಮುಚ್ಚಿತು. ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯವು ಮಾಲೀಕರೆಲ್ಲರೂ ಮುಚ್ಚಿದ ದಿನಗಳ ಮಜೂರಿಯನ್ನು ಕಡಿತವಿಲ್ಲದೆ ಕೊಡಬೇಕೆಂದು ಆಜ್ಞಾಪಿಸಿತು. 1897ರ ಶಾಸನದಲ್ಲಿ ಇಲ್ಲದ ಮಾತು ಕೊನೆಗೂ ಒಂದು ಸರಕಾರಿ ಕಾಗದದ ಮೇಲೆ ಬಂತಲ್ಲ ಎಂದು ನಾವು ಹರ್ಷಪಟ್ಟೆವು. ಅದರ ಆಯುಸ್ಸು ಐವತ್ತು ದಿನ. ಮೇ 18ರಿಂದ ಆ ಆಜ್ಞೆಯು ಹಿಂದಕ್ಕೆ ಹೋಯಿತು. ಜೂನ್ 12ರಂದು ಸರ್ವೋಚ್ಚ ನ್ಯಾಯಾಲಯವು ಮಾಲೀಕರೂ ಕೆಲಸಗಾರರೂ ಮಾತನಾಡಿ ಇತ್ಯರ್ಥ ಮಾಡಿಕೊಳ್ಳಲಿ ಎಂದಿತು. ಮಾತನಾಡಲು ಒಂದು ಕಡೆಯವನಿಗೆ ಧೈರ್ಯವಿರಬೇಕಾದರೆ ಅವನ ಮನೆಯಲ್ಲಿ ನಾಳೆಯ ಜೋಳವಿರಬೇಕು.

ನಮ್ಮ ಜಿಲ್ಲೆಯ ಕಂದಿಯಲ್ಲಿ ಒಂದು ದೊಡ್ಡ ಕಟ್ಟಡದ ಕೆಲಸಕ್ಕೆಂದು ದೂರದ ರಾಜ್ಯಗಳಿಂದ ಬಂದು ಸಿಲುಕಿಕೊಂಡಿದ್ದ ಸಾವಿರಾರು ಕೂಲಿಕಾರರು ಏಪ್ರಿಲ್ 29ರಂದು ಬಾಕಿ ಪಗಾರವನ್ನೂ ಊರಿನ ದಾರಿಯನ್ನೂ ಕೇಳುತ್ತ ಬೀದಿಗೆ ಬಂದರು. ಎರಡೇ ದಿನಗಳ ಮೇಲೆ, ಮೇ 1ರ ಬೆಳಗಿನ ಜಾವ, ಲಿಂಗಂಪಲ್ಲಿಯಿಂದ ಝಾರ್ಖಂಡದ ಹಟಿಯಾಕ್ಕೆ ಸುಮಾರು 1,200 ಜನರನ್ನು ಹೊತ್ತು ದೇಶದ ಮೊದಲನೆಯ ಶ್ರಮಿಕ ರೈಲು ಹೊರಟಿತು. 72 ಜನರು ಕೂಡುವ ಒಂದೊಂದು ಡಬ್ಬಿಯಲ್ಲಿ 54 ಜನರನ್ನು ಕೂರಿಸಲಾಗಿತ್ತು. ಮಹಾಮಾರಿಯನ್ನು ಹಿಂದೆ ಹೊತ್ತು ತಂದ ರೈಲೇ ಈಗ ಅಂತರವನ್ನು ಕಾದುಕೊಂಡು ಕೆಲಸಗಾರನನ್ನು ಮನೆಗೆ ಮುಟ್ಟಿಸಿತು. ಆದರೆ ಎಲ್ಲರಿಗೂ ರೈಲು ಸಿಗಲಿಲ್ಲ. ಮೇ 8ರ ಮುಂಜಾವಿನಲ್ಲಿ, ಜಾಲ್ನಾದ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದು ನಡೆದು ಹೊರಟಿದ್ದ 16 ಜನರು ಔರಂಗಾಬಾದಿನ ಹತ್ತಿರ ಹಳಿಯ ಮೇಲೆ ಮಲಗಿದ್ದಾಗ ಸರಕುಗಾಡಿ ಹಾದು ಮಡಿದರು. ಅವರನ್ನು ಕೊಂದುದು ವ್ಯಾಧಿಯಲ್ಲ. ಹೀಗೆ ವಲಸೆಯ ದಾರಿಯಲ್ಲಿ ಸತ್ತವರ ಸಂಖ್ಯೆಯನ್ನು ಅದೇ ಸೆಪ್ಟೆಂಬರಿನಲ್ಲಿ ಸಂಸತ್ತಿನಲ್ಲಿ ಕೇಳಿದಾಗ, ಅಂಥ ಲೆಕ್ಕವನ್ನು ಇಟ್ಟಿಲ್ಲವೆಂದು ಸರಕಾರವು ಉತ್ತರ ಕೊಟ್ಟಿತು. ಹುಬ್ಬಳ್ಳಿಯ ಗಿರಣಿಯಲ್ಲಿ 1898ರಲ್ಲಿ ಇದ್ದ ಲೆಕ್ಕವು 2020ರ ಹೆದ್ದಾರಿಯಲ್ಲಿ ಇರಲಿಲ್ಲ.

ಕಾರ್ಖಾನೆಗಳನ್ನು ಮತ್ತೆ ತೆರೆಯುವಾಗ ಹೊರಟ ಸೂಚನೆಗಳು ಒಳ್ಳೆಯವೇ. ಏಪ್ರಿಲ್ 15ರ ಆಜ್ಞೆಯಂತೆ ಬಾಗಿಲಲ್ಲಿ ಜ್ವರದ ಪರೀಕ್ಷೆ, ಎರಡು ಪಾಳಿಗಳ ನಡುವೆ ಒಂದು ಗಂಟೆಯ ಬಿಡುವು, ಊಟದ ಹೊತ್ತನ್ನು ತಂಡತಂಡವಾಗಿ ಹಂಚುವುದು, ಕರೆತರುವ ಬಂಡಿಯಲ್ಲಿ 30-40 ಶೇಕಡಾ ಜನರನ್ನು ಮಾತ್ರ ಕೂರಿಸುವುದು ಕಡ್ಡಾಯವಾದವು. ಒಂದು ಪಾಳಿಯವರು ಹೋಗಿ ಇನ್ನೊಂದು ಪಾಳಿಯವರು ಬರುವ ನಡುವೆ ಗಾಳಿಯೂ ಬದಲಾಗಲಿ, ಜನರೂ ಬಾಗಿಲಲ್ಲಿ ಕಿಕ್ಕಿರಿಯದಿರಲಿ ಎಂಬುದು ಅದರ ಮರ್ಮ. ಮೇ 7ರಂದು ವಿಶಾಖಪಟ್ಟಣದಲ್ಲಿ, ಬಂದಾಗಿದ್ದ ರಾಸಾಯನಿಕ ಕಾರ್ಖಾನೆಯಿಂದ ವಿಷಾನಿಲವು ಹೊರಬಿದ್ದು ಹನ್ನೆರಡು ಜನರು ಸತ್ತ ಮೇಲೆ, ನಿಂತ ಯಂತ್ರವೂ ಒಂದು ಅಪಾಯವೆಂಬುದು ಅರಿವಿಗೆ ಬಂದು, ತೆರೆದ ಮೊದಲನೆಯ ವಾರವನ್ನು ಪರೀಕ್ಷೆಯ ಕಾಲವೆಂದು ತಿಳಿದು ಉತ್ಪಾದನೆಯ ಆತುರವನ್ನು ಬಿಡಬೇಕೆಂಬ ಸೂಚನೆಯೂ ಹೊರಟಿತು. ಆದರೆ ಒಂದು ಕೈಯಿಂದ ಹೀಗೆ ಕಾಯುತ್ತಿರುವಾಗ ಇನ್ನೊಂದು ಕೈ ಬೇರೆ ಕೆಲಸ ಮಾಡಿತು. ಗುಜರಾತಿನಲ್ಲಿ ದಿನದ ದುಡಿಮೆಯನ್ನು 12 ಗಂಟೆಗೂ ಕರ್ನಾಟಕದಲ್ಲಿ 10 ಗಂಟೆಗೂ ಏರಿಸಿದರು. ಕರ್ನಾಟಕವು ಕೆಲವೇ ವಾರಗಳಲ್ಲಿ, ಜೂನ್ ತಿಂಗಳಲ್ಲಿ, ಅದನ್ನು ಹಿಂದೆಗೆದುಕೊಂಡಿತು. ಗುಜರಾತಿನ ಪ್ರಕಟಣೆಯನ್ನು ಅಕ್ಟೋಬರ್ 1ರಂದು ಸರ್ವೋಚ್ಚ ನ್ಯಾಯಾಲಯವು ರದ್ದುಮಾಡಿತು. ದಣಿದ ಮೈಗೆ ರೋಗ ಬೇಗ ಹತ್ತುತ್ತದೆಂಬುದನ್ನು ತಿಳಿಯಲು ನ್ಯಾಯಾಲಯದವರೆಗೆ ಹೋಗಬೇಕಾಗಿರಲಿಲ್ಲ.

ಒಳ್ಳೆಯ ನಿದರ್ಶನವೂ ಕನ್ನಡ ನಾಡಿನಲ್ಲಿಯೇ ಇದೆ. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ಕೆಲಸಗಾರನಿಗೆ ವ್ಯಾಧಿ ತಗುಲಿದುದು ಗೊತ್ತಾಯಿತು. ಕಾರ್ಖಾನೆಯನ್ನು ಕೂಡಲೇ ಮುಚ್ಚಿ, ಸಾವಿರಕ್ಕೂ ಮಿಕ್ಕಿದ ಕೆಲಸಗಾರರನ್ನು ಊರೂರಿನಲ್ಲಿ ಹುಡುಕಿ ಪ್ರತ್ಯೇಕವಾಗಿರಿಸಿದರು. ಎಪ್ಪತ್ತಕ್ಕೂ ಹೆಚ್ಚು ಜನರಿಗೆ ಆ ಒಂದು ಎಳೆಯಿಂದ ರೋಗ ಹರಡಿದ್ದುದು ತಿಳಿಯಿತು. ಮೇ ತಿಂಗಳ ನಡುವಿಗೆ ಮೈಸೂರು ಜಿಲ್ಲೆಯ 90 ರೋಗಿಗಳೂ ಗುಣ ಹೊಂದಿ ಮನೆಗೆ ಹೋದರು, ಒಬ್ಬರೂ ಸಾಯಲಿಲ್ಲ. ರೋಗವು ಅಲ್ಲಿಗೆ ಎಲ್ಲಿಂದ ಬಂತೆಂಬುದು ಬಗೆಹರಿಯದಿದ್ದರೂ ಎಲ್ಲಿಗೆ ಹೋಯಿತೆಂಬುದನ್ನು ಹಿಡಿಯಲು ಸಾಧ್ಯವಾಯಿತು. ಹುಡುಕಬೇಕಾದವರು ಯಾರೆಂಬುದು ಗೊತ್ತಿತ್ತು. ಕಾರ್ಖಾನೆಯ ಪಟ್ಟಿಯಲ್ಲಿ ಅವರ ಹೆಸರಿತ್ತು.

2021ರ ಜನವರಿ 16ರಂದು ಲಸಿಕೆಯ ಕಾರ್ಯ ಆರಂಭವಾಯಿತು. ಏಪ್ರಿಲ್ 11ರಿಂದ, ಸುಮಾರು 100 ಅರ್ಹರಿರುವ ಕೆಲಸದ ಸ್ಥಳಗಳಲ್ಲಿಯೇ ಲಸಿಕೆ ಹಾಕಲು ಅನುಮತಿ ಸಿಕ್ಕಿತು. ಹುಬ್ಬಳ್ಳಿಯ ಗಿರಣಿಯ ಪಾಠವು ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಹೀಗೆ ಮರಳಿ ಬಂತು. ಆದರೆ ಆಗ ಅರ್ಹರೆಂದರೆ 45 ವರ್ಷ ತುಂಬಿದವರು. ಮೂವತ್ತರ ಹರೆಯದ ಖಣಿಯ ಕೂಲಿಕಾರನು ಅದಕ್ಕೆ ಸೇರಲಿಲ್ಲ. ಹತ್ತು ಜನರ ಕಲ್ಲಿನ ಯಂತ್ರವು ನೂರರ ಲೆಕ್ಕಕ್ಕೆ ಬರಲಿಲ್ಲ. ಎರಡನೆಯ ಅಲೆಯು ಆ ಏಪ್ರಿಲ್-ಮೇ ತಿಂಗಳುಗಳಲ್ಲಿಯೇ ಬಂದು ಹೋಯಿತು. ಅದೇ ಆಗಸ್ಟ್ 26ರಂದು ಅಸಂಘಟಿತ ಕೆಲಸಗಾರರ ಹೆಸರುಗಳನ್ನು ಬರೆದುಕೊಳ್ಳುವ ಇ-ಶ್ರಮ ಎಂಬ ಯೋಜನೆಯು ಆರಂಭವಾಯಿತು. ಮಳೆ ನಿಂತ ಮೇಲೆ ಕೊಡೆ ಬಂದಂತಾಯಿತೆಂದು ಹಳಿಯಬಹುದು. ಆದರೆ ಮುಂದೆಯೂ ಮಳೆಗಾಲವಿದೆಯಾದುದರಿಂದ ಕೊಡೆಯನ್ನು ತೆಗೆದಿರಿಸುವುದೇ ಜಾಣತನ.

ಈ ಇತಿಹಾಸದಿಂದ ನಾವು ತಿಳಿದುಕೊಂಡುದಿಷ್ಟು. ಲಸಿಕೆ, ಗಾಳಿ, ಅಂತರ, ನೀರು ಇವೆಲ್ಲವೂ ಬೇಕು. ಇವುಗಳಲ್ಲಿ ಒಂದನ್ನೂ ಬಿಡುವಂತಿಲ್ಲ. ಆದರೆ ಇವೆಲ್ಲವೂ ನಿಂತಿರುವುದು ಎರಡು ಕಂಬಗಳ ಮೇಲೆ. ಕೆಲಸಗಾರನ ಹೆಸರು ಪುಸ್ತಕದಲ್ಲಿರಬೇಕೆಂಬುದು ಒಂದು. ರೋಗವನ್ನು ಒಪ್ಪಿಕೊಂಡ ದಿನದ ಮಜೂರಿಯು ಅವನ ಕೈಸೇರಬೇಕೆಂಬುದು ಇನ್ನೊಂದು. ನಿಜ ಹೇಳಿದವನಿಗೆ ಉಪವಾಸದ ದಂಡವನ್ನು ವಿಧಿಸಿದರೆ ಯಾರು ತಾನೇ ನಿಜ ಹೇಳುವರು? ಜ್ವರವನ್ನು ಅಳೆಯುವ ಯಂತ್ರವು ಎಷ್ಟೇ ಸೂಕ್ಷ್ಮವಾಗಿದ್ದರೂ ಒಂದು ಗುಳಿಗೆಯ ಮುಂದೆ ಅದು ಸೋಲುತ್ತದೆ. ಹದಿನಾಲ್ಕು ದಿನಗಳ ಪಗಾರವನ್ನು ಸಣ್ಣ ಯಂತ್ರದ ಮಾಲೀಕನೊಬ್ಬನೇ ಹೊರಲಾರನೆಂಬುದು ನಿಜ; ಅವನಿಗೂ ಸಾಲವಿದೆ, ಸಂಸಾರವಿದೆ. ಆದುದರಿಂದಲೇ ಅದನ್ನು ಮಾಲೀಕನು, ಸರಕಾರವು, ವಿಮೆಯು ಕೂಡಿ ಹೊರುವ ಏರ್ಪಾಡು ಬೇಕು. ಮತ್ತು ಅದು ಮಹಾಮಾರಿಯು ಬರುವ ಮುನ್ನವೇ ಆಗಬೇಕು.

ನಮ್ಮ ಸಂಘದ ಬಂಧುಗಳಲ್ಲಿ ಒಂದು ವಿನಂತಿ. ನಾವು ವರ್ಷಕ್ಕೊಮ್ಮೆ ನುಡಿಯ ಹಬ್ಬ ಮಾಡುತ್ತೇವೆ, ಹಾಡುತ್ತೇವೆ, ಭಾಷಣ ಕೇಳುತ್ತೇವೆ. ಅದರ ಜೊತೆಗೆ ನಮ್ಮ ನಮ್ಮ ಓಣಿಯಲ್ಲಿ ದುಡಿಯಲು ಹೋಗುವವರ ಹೆಸರು, ದುಡಿಯುವ ಸ್ಥಳ, ಗುತ್ತೇದಾರನ ಹೆಸರು ಇಷ್ಟನ್ನು ಒಂದು ವಹಿಯಲ್ಲಿ ಬರೆದಿಡುವ ಕೆಲಸವನ್ನೂ ಮಾಡೋಣ. ಸರಕಾರದ ಪಟ್ಟಿಯಲ್ಲಿ ಹೆಸರು ಸೇರಿಸಲು ಓದುಬರಹ ಬಾರದವರಿಗೆ ನೆರವಾಗೋಣ. ತೆಲುಗಿನ ಅರ್ಜಿಯನ್ನು ಓದಲಾರದ ಕನ್ನಡಿಗ ಕೂಲಿಕಾರರು ನಮ್ಮಲ್ಲಿ ಕಡಿಮೆಯಿಲ್ಲ. ಇದು ದೊಡ್ಡ ಸೇವೆಯಲ್ಲ. ಒಂದು ಲೇಖನಿ, ಒಂದು ವಹಿ, ವಾರಕ್ಕೊಂದು ಸಂಜೆ ಸಾಕು.

ಆ ಹುಡುಗನು ಈಗ ನಮ್ಮ ಶಾಲೆಯನ್ನು ಮುಗಿಸಿ ಪ್ರೌಢಶಾಲೆಗೆ ಹೋಗಿದ್ದಾನೆ. ಅವನ ತಂದೆಯು ಅದೇ ಕಲ್ಲಿನ ಯಂತ್ರದಲ್ಲಿ ದುಡಿಯುತ್ತಾನೆ. ಮೊನ್ನೆ ಸಂತೆಯಲ್ಲಿ ಭೇಟಿಯಾದಾಗ, ಮುಂದೊಂದು ಸಲ ಜ್ವರ ಬಂದರೆ ಏನು ಮಾಡುವಿರಿ ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಳಿಗಿ ಇಟ್ಕೊಂಡೀನ್ರಿ ಮಾಸ್ತರ" ಎಂದನು. ಅವನನ್ನು ತಪ್ಪಿತಸ್ಥನೆನ್ನುವ ಅಧಿಕಾರವು ನಮಗಿಲ್ಲ. ಆ ಗುಳಿಗೆಯ ಅಗತ್ಯವು ಬೀಳದಂತೆ ಮಾಡುವ ಹೊಣೆ ಮಾತ್ರ ನಮ್ಮೆಲ್ಲರದು.